ದಾಸವಾಳದ ಬಾಯಾರಿಕೆ

ಗಿಡಕ್ಕೆ ಬಾಯಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಮನುಷ್ಯಜಾತಿ ಇಷ್ಟು ಕಾಲ ಮರ್ಯಾದೆಯಿಂದ ಬಾಳಿಕೊಂಡು ಬಂದಿತ್ತು. ನಾಯಿ ಬೊಗಳುತ್ತದೆ, ಗಿಳಿ ಒದರುತ್ತದೆ, ಮಗು ಬಂದ ಬೀಗರ ಮುಂದೆಯೇ ಮನೆಯ ಗುಟ್ಟನ್ನೆಲ್ಲ ಹರವಿ ಕೂರುತ್ತದೆ. ಗಿಡ ಮಾತ್ರ ಬುಡಕ್ಕೆ ಕುದಿನೀರು ಸುರಿದರೂ ಸುಮ್ಮನೆ ನಿಂತಿರುತ್ತದೆ. ಧಾರವಾಡದ ನೀಲಗಂಗಾ ಬೆಲ್ಲದ ಎಂಬ ವಿಜ್ಞಾನಿ ಆ ಧೈರ್ಯವನ್ನು ಎಲೆಅಡಿಕೆಯ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರದಿಂದ ಮುಗಿಸಿಬಿಟ್ಟಳು.

ಯಂತ್ರದ ಹೆಸರು ಎಲೆಗನ್ನಡಿ. ಒಂದು ಎಲೆ ಹರಿದು, ಜೊತೆಗೆ ಕೊಟ್ಟ ದ್ರಾವಣದಲ್ಲಿ ಅರೆದು, ಒಂದು ಹನಿ ಬಿಟ್ಟರೆ ಸಾಕು. ಚಹಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಆ ಗಿಡ ಪಟ್ಟ ಪಾಡೆಲ್ಲ ಪರದೆಯ ಮೇಲೆ ಬಣ್ಣದ ಪಟ್ಟಿಯಾಗಿ ಮೂಡುತ್ತಿತ್ತು. ಹಳದಿ ಅಂದರೆ ಬಾಯಾರಿಕೆ. ಕೆಂಪು ಅಂದರೆ ಗಾಯ. ನೀಲಿ ಅಂದರೆ ಉಪ್ಪು, ಸೋಪು, ಅಂಥ ಕ್ಷಾರದ ನೀರು. ಹಸಿರು ಅಂದರೆ ಸುಖ.

"ಡಿಎನ್‌ಎ ಅಂದ್ರ ಅಕ್ಷರ ಇದ್ದಂಗ್ರಿ," ಎಂದು ನೀಲಗಂಗಾ ಸಸ್ಯಸ್ಮೃತಿ ಕೇಂದ್ರ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು. "ಅಕ್ಷರ ಬದಲಾಗೂದಿಲ್ಲ. ಆದ್ರ ಕಷ್ಟ ಬಂದಾಗ ಗಿಡ ಕೆಲವು ಅಕ್ಷರದ ತಲಿ ಮ್ಯಾಲೆ ಮೀಥೈಲ್ ಅನ್ನೂದೊಂದು ಸಣ್ಣ ಟೋಪಿ ಇಡತೈತಿ. ಕದ ಅಂತ ಬರದು ನಡುವ ಒಂದು ಸೊನ್ನಿ ಇಟ್ರ ಕಂದ ಆಗೂದಿಲ್ಲೇನು? ಹಂಗ. ಅಕ್ಷರ ಅವಽ, ಓದೂದು ಬ್ಯಾರೆ. ಯಾವ ಯಾವ ಅಕ್ಷರಕ್ಕ ಟೋಪಿ ಬಿದ್ದೈತಿ ಅಂತ ತೋರಸೂದಽ ಎಪಿಜೆನೆಟಿಕ್ ನಕ್ಷಾ."

ಟೋಪಿ ಹಾಕುವುದೂ ಹಾಕಿಸಿಕೊಳ್ಳುವುದೂ ಊರಿಗೇನು ಹೊಸದಲ್ಲ. ಆದರೆ ಎಲೆಯೊಳಗೂ ಆ ವ್ಯವಹಾರ ನಡೆಯುತ್ತದೆ ಎಂಬುದು ಹೊಸ ಸುದ್ದಿಯಾಗಿತ್ತು. ಓದುವ ಉಪಾಯ ಇನ್ನೂ ಚಂದ. ಡಬ್ಬಿಯೊಳಗೆ ಕಣ್ಣಿಗೆ ಕಾಣದ ತೂತುಗಳಿವೆ. ಡಿಎನ್‌ಎ ಎಳೆಯನ್ನು ತೂತಿನೊಳಗೆ ಸೆಳೆದಾಗ ಒಂದೊಂದು ಅಕ್ಷರಕ್ಕೂ ವಿದ್ಯುತ್ತು ಒಂದೊಂದು ತರಹ ಅದುರುತ್ತದೆ. ಟೋಪಿಯ ಅಕ್ಷರ ಬಂತೋ, ಗಿಡ್ಡ ಬಾಗಿಲಿನಲ್ಲಿ ಪಟಕಾ ಸುತ್ತಿದ ಗೌಡರು ನುಗ್ಗಿದಂತೆ ಅದರ ಅದುರಾಟವೇ ಬೇರೆ. ಸೀಕ್ವೆನ್ಸಿಂಗ್ ಅಂದರೆ ಇಷ್ಟೇ: ಬಾಗಿಲಲ್ಲಿ ಕೂತು, ಬಂದವರ ತಲೆ ನೋಡುವುದು.

ಒಂದೇ ಕೊರತೆಯಿತ್ತು. ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಎಲೆಗನ್ನಡಿ ಹೇಳುತ್ತಿತ್ತೇ ಹೊರತು ಯಾವ ಇಸವಿಯಲ್ಲಿ ಎಂದು ಹೇಳುತ್ತಿರಲಿಲ್ಲ. ಅದಕ್ಕೇ ಅದು ಮೊದಲಿಗೆ ಒಂದು ಪ್ರಶ್ನೆ ಕೇಳುತ್ತಿತ್ತು: ಗಿಡ ಎಲ್ಲಿಂದ ತಂದದ್ದು? ನರ್ಸರಿ ಎಂದು ಒತ್ತಿದರೆ, ಅಲ್ಲಿನ ಎಳವೆಯನ್ನು ಬಿಟ್ಟು ಉಳಿದ ಕಥೆಯೆಲ್ಲ ಈಗಿನ ಮನೆಯ ಖಾತೆಗೆ. ಧಾರವಾಡದ ಪ್ರತಿಯೊಬ್ಬರೂ ನರ್ಸರಿ ಎಂದೇ ಒತ್ತಿದ್ದರು. "ಊರಾಗ ಮನಿಗಿಂತ ನರ್ಸರಿ ಹೆಚ್ಚು ಅದಾವ ನೋಡು," ಎಂದು ನೀಲಗಂಗಾಳ ಜೊತೆಗಾರ್ತಿ ಫಿರ್ದೋಸ್ ಮನಿಯಾರ್ ನಕ್ಕಿದ್ದಳು. ನಕ್ಕು, ಇಬ್ಬರೂ ಮರೆತಿದ್ದರು. ವಿಜ್ಞಾನಿಗಳು ನಕ್ಕು ಮರೆತದ್ದರಲ್ಲೇ ವಿಜ್ಞಾನ ಅಡಗಿರುತ್ತದೆ.

ಡಬ್ಬಿ ಹುಟ್ಟಿದ್ದು ಸಸಿ ಕೊಳ್ಳುವ ರೈತರಿಗಾಗಿ. ಜನ ಅದನ್ನು ಜನರ ಮೇಲೆ ತಿರುಗಿಸಿದರು. ತವರಿಗೆ ಹೋಗಿ ಬಂದ ಹೆಂಡತಿ ಮೊದಲು ತುಳಸಿ ಎಲೆ ಹರಿದು, ಆಮೇಲೆ ಗಂಡನ ಕ್ಷೇಮ ಕೇಳತೊಡಗಿದಳು. ಬಾಡಿಗೆಗೆ ಕೊಡುವವರು ಬಾಡಿಗೆದಾರರ ಕುಂಡ ತರಿಸಿ ನೋಡಿದರು. ಕುಂಡದ ಗಿಡ ಬಾಡಿದ್ದರೆ ಬಾಡಿಗೆಯೂ ಬಂದಂತೆಯೇ. ಕೊನೆಗೆ ಹೆಣ್ಣು ನೋಡುವ ಶಾಸ್ತ್ರದೊಳಗೆ ಗಿಡ ನೋಡುವ ಶಾಸ್ತ್ರ ಹೊಕ್ಕಿತು. ಜಾತಕದ ಜಾಗದಲ್ಲಿ ಎಲೆ. ಗ್ರಹಗಳು ಕೈಕಟ್ಟಿ ಕೂತವು. ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳಿಗೆ 'ಸುಖವಾಗಿ ಬೆಳೆದ ಗಿಡ' ಬಾಡಿಗೆಗೆ ಕೊಡುವ ಅಂಗಡಿಯೂ ತೆರೆಯಿತು.

ಮಾಡಿದ್ದುಣ್ಣೋ ಮಹಾರಾಯ ಎಂಬಂತೆ, ಶಾಸ್ತ್ರ ಒಂದು ದಿನ ನೀಲಗಂಗಾಳ ಮನೆ ಬಾಗಿಲಿಗೇ ಬಂತು.

ವರ ಮೃತ್ಯುಂಜಯ ಹುಣಸಿಮರದ, ಮನೆ ಧಾರವಾಡದಲ್ಲೇ, ಕೆಲಸ ಹುಬ್ಬಳ್ಳಿಯಲ್ಲಿ ರೈಲು ಸಿಗ್ನಲ್ ಎಂಜಿನಿಯರ್. ಬೆಲ್ಲದ ಮನೆಯ ಹುಡುಗಿ, ಹುಣಸಿಮರದ ಮನೆಯ ಹುಡುಗ. ಸಾರು ಕುದಿಯುವುದೊಂದೇ ಬಾಕಿ ಎಂದು ನೆಂಟರು ಆಡಿಕೊಂಡಿದ್ದರು. ಇಬ್ಬರೂ ಒಮ್ಮೆ ಹೊರಗೆ ಕೂತು ಚಹಾ ಕುಡಿದಿದ್ದರು. ಮಾತಿನ ಮಟ್ಟಿಗೆ ಆತ ಸಿಗ್ನಲ್ಲೇ ಸಿಗದ ಸಿಗ್ನಲ್ ಎಂಜಿನಿಯರ್. ಏಳುವಾಗ ಒಂದೇ ಪ್ರಶ್ನೆ ಕೇಳಿದ್ದ: "ನೀರು ಹಾಕಿದವರು ಯಾರು ಅನ್ನೂದು ಗಿಡಕ್ಕ ಗೊತ್ತಾಗತೈತೇನ್ರಿ?" ಅವಳಿಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುವವರನ್ನು ಕಂಡರೆ ಅವಳಿಗೆ ಇಷ್ಟ. ಮನಸ್ಸಿನಲ್ಲೇ ಹೂಂ ಅಂದುಕೊಂಡಿದ್ದಳು.

ಆತನನ್ನು ಕರೆದುಕೊಂಡು ತಾಯಿ ದಾನಮ್ಮ ಬಂದರು. ಅವಲಕ್ಕಿ ತಿಂದರು, ಸೀರೆ ಹೊಗಳಿದರು. ಆಮೇಲೆ ಅಂಗಳಕ್ಕೆ ನಡೆದು ದಾಸವಾಳದ ಮುಂದೆ ನಿಂತರು. ತಿಳಿ ಗುಲಾಬಿ ಹೂವು, ನಡುವೆ ರಕ್ತದಂಥ ಕಣ್ಣು.

"ನಮ್ಮನ್ಯಾಗೂ ಇಂಥಾದ್ದಽ ಒಂದೈತಿ," ಅಂದರು. "ಆದ್ರ ನಮ್ಮದರ ಬಣ್ಣದ ಗತ್ತಽ ಬ್ಯಾರೆ ಬಿಡ್ರಿ."

"ದಿನಾ ಎರಡು ಕೊಡ ನೀರು ಹಾಕ್ತೀನ್ರಿ," ಎಂದರು ನೀಲಗಂಗಾಳ ತಂದೆ ಗುರುಪಾದಪ್ಪ. ನಿವೃತ್ತ ಹೆಡ್‌ಮಾಸ್ತರು. ಮಕ್ಕಳಿಗೆ ಜೀವಮಾನವಿಡೀ ನೀತಿ ಪಾಠ ಹೇಳಿದವರು, ಈಗ ಕೇಳುವವರಿಲ್ಲದೆ ಗಿಡಕ್ಕೆ ಹೇಳುತ್ತಿದ್ದರು. "ನಮ್ಮ ಲಿಂಗಪೂಜಿಗೆ ಇದರದಽ ಹೂ. ಮಗಳಿಗಿಂತ ಒಂದು ಕೈ ಹೆಚ್ಚು ಜೋಪಾನ ಮಾಡೀನಿ."

ದಾನಮ್ಮ ಎಲೆ ಹರಿದರು. ನರ್ಸರಿ ಎಂದು ಗುರುಪಾದಪ್ಪನವರೇ ಒತ್ತಿದರು. ಚಹಾ ಮುಗಿಯಿತು. ಪರದೆ ತೆರೆಯಿತು.

ಹಳದಿ. ಉದ್ದಕ್ಕೆ ಹಳದಿ, ಅರಿಸಿನದಲ್ಲಿ ಅದ್ದಿದ ದಾರದ ಹಾಗೆ. ಅದರೊಳಗೆ ಗಂಟು ಗಂಟಾಗಿ ನೀಲಿ. ತುದಿಯಲ್ಲಷ್ಟೇ ಹಸಿರು.

ದಾನಮ್ಮ ಕನ್ನಡಕ ಸರಿಮಾಡಿಕೊಂಡರು.

"ವರ್ಷಗಟ್ಟಲೆ ನೀರು ಕಾಣದ ಗಿಡ ಇದು. ಮ್ಯಾಲ ಸೋಪಿನ ನೀರು ಬ್ಯಾರೆ! ದೇವರ ಹೂವಿನ ಗಿಡಕ್ಕ ಮುಸರಿ ನೀರು ಹಾಕೂ ಮನಿಯವರು ನಾಳೆ ಬೀಗರಿಗೆ ಏನು ಕುಡಸ್ತೀರಿ? ಮಾಸ್ತರ್ರ, ಎರಡು ಕೊಡ ಅಂದ್ರಲ್ಲ, ಖಾಲಿ ಕೊಡ ಏನು?"

"ಅಮ್ಮಾ, ನಾ ಸುಳ್ಳು ಹೇಳಿಲ್ಲ..."

"ನೀವು ಹೇಳಿಲ್ಲ ಅಂದ್ರ ನಿಮ್ಮ ಮಗಳ ಡಬ್ಬಿ ಹೇಳೈತಿ. ಎರಡರಾಗ ಒಂದು ಸುಳ್ಳು. ಯಾವ ಸುಳ್ಳಿನ ಮನಿಗೆ ನಾ ಮಗನ್ನ ಕೊಡ್ಲಿ?"

ಮೃತ್ಯುಂಜಯ ಬಾಯಿ ತೆರೆದ. ಅಷ್ಟರಲ್ಲಿ ತಾಯಿ ರಿಕ್ಷಾ ಹತ್ತಿಯಾಗಿತ್ತು.

*

ಎರಡರಲ್ಲಿ ಒಂದು ಸುಳ್ಳು. ಮರುದಿನ ಕೇಂದ್ರದಲ್ಲಿ ಕೂತಾಗ ನೀಲಗಂಗಾಳ ಎದೆಯಲ್ಲಿ ಮದುವೆಗಿಂತ ಈ ಮಾತೇ ಮುಳ್ಳಾಗಿ ನಿಂತಿತ್ತು. ಎಲೆಗನ್ನಡಿ ಆ ವಾರ ರಾಜ್ಯದ ರೈತರಿಗೆಲ್ಲ ಹೋಗಬೇಕಿತ್ತು. ನಕ್ಷೆ ಸರಿಯಿದೆ ಎಂದು ಬರೆದುಕೊಡಬೇಕಾದವಳು ಅವಳೇ. ಅಪ್ಪನ ಗಿಡಕ್ಕೇ ತಪ್ಪು ಹೇಳಿದ ಡಬ್ಬಿ ಯಾರದೋ ದಾಳಿಂಬೆಗೆ ಸರಿ ಹೇಳುತ್ತದೆಂದು ಹೇಗೆ ಬರೆಯುವುದು? ಸರಿ ಹೇಳಿದ್ದರೆ, ಕಣ್ಣೆದುರೇ ದಿನಾ ಕೊಡ ಹೊತ್ತ ಅಪ್ಪ?

ಮನೆಯ ಎಲೆಯನ್ನು ದೊಡ್ಡ ಯಂತ್ರದಲ್ಲಿ ಓದಿಸಿದಳು. ಅದೇ ಹಳದಿ. ಮತ್ತೆ ಓದಿಸಿದಳು. ಇನ್ನೂ ಸ್ಪಷ್ಟವಾದ ಹಳದಿ.

"ಯಂತ್ರದ ತಪ್ಪಲ್ಲ," ಎಂದಳು ಫಿರ್ದೋಸ್. "ಅಪ್ಪಾರು ನೀರಿನ ಬದಲಿ ಭಾಷಣ ಹಾಕಿದ್ರೇನೋ."

"ನಗಬ್ಯಾಡ ನೀ. ಇದು ಬಗೀಹರಿಲಿಲ್ಲಂದ್ರ ಡಬ್ಬಿ ಹೊರಗ ಬಿಡೂದಿಲ್ಲ ನಾ. ಈಗ ಊರಾಗ ಇದ್ದದ್ದನ್ನೂ ವಾಪಸ್ ತರಸ್ತೀನಿ."

"ಹುಚ್ಚಿ! ಇಷ್ಟು ವರ್ಷದ ದುಡಿಮಿ ಅದು."

"ಸುಳ್ಳಿನ ದುಡಿಮಿ ಆದ್ರ ಏನು ಮಾಡೂದು?"

ಫಿರ್ದೋಸ್ ನಗುವುದು ಬಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಆ ಗಿಡ ತಂದದ್ದೆಲ್ಲಿಂದ?"

ಸಂಜೆ ಮನೆಯಲ್ಲಿ ಅದೇ ಪ್ರಶ್ನೆ ಎತ್ತಿದಾಗ ಗುರುಪಾದಪ್ಪ ಪತ್ರಿಕೆಯಿಂದ ಮುಖ ಹೊರಗೆ ಹಾಕಲಿಲ್ಲ. ಬೀಗರು ಹೋದಾಗಿನಿಂದ ಅವರು ಸರಿಯಾಗಿ ಉಂಡಿರಲಿಲ್ಲ, ವಾಕಿಂಗಿಗೂ ಹೋಗಿರಲಿಲ್ಲ.

"ಗಿಡ ಎಲ್ಲಿಂದ ಬರತೈತಿ? ನೆಲದಿಂದ."

"ಅಪ್ಪಾ, ನೆಲಕ್ಕ ಎಲ್ಲಿಂದ ಬಂತು?"

"ಏನವಾ, ನನ್ನ ಮ್ಯಾಲೆ ಕೇಸು ಹಾಕಾಕತ್ತಿ ಏನು? ನೀ ಹುಟ್ಟಿಸಿದ ಡಬ್ಬಿ ದೊಡ್ಡದಾತು, ನಿನ್ನ ಹುಟ್ಟಿಸಿದ ಅಪ್ಪ ಸಣ್ಣಾವಾದ."

ಅಷ್ಟರಲ್ಲಿ ಅಡುಗೆಮನೆಯಿಂದ ತಾಯಿ ಕಸ್ತೂರೆವ್ವ ಬಂದರು. ಕೈಯಲ್ಲಿ ಕುಂಕುಮದ ಸಣ್ಣ ಭರಣಿ. ಮುಚ್ಚಳ ತೆರೆದು, ಒಣಗಿ ಮುದುರಿದ ಒಂದು ಎಲೆ ತೆಗೆದು ಮಗಳ ಅಂಗೈ ಮೇಲಿಟ್ಟರು.

"ಅವರು ಬರೂಕಿಂತ ಮೊದಲ ನಾ ಅರಿಸಿನ ಕುಂಕುಮಕ್ಕಂತ ಅವರ ಮನಿಗೆ ಹೋಗಿದ್ನೆಲ್ಲ? ಬರೂವಾಗ ಹಿತ್ತಲದಾಗ ಹರಕೊಂಡು ಬಂದೆ. ಅವರು ನಮ್ಮ ಗಿಡ ನೋಡಿದ್ರ ಶಾಸ್ತ್ರ, ನಾವು ಅವರ ಗಿಡ ನೋಡಿದ್ರ ಅಧರ್ಮೇನು? ಒಯ್ದು ಓದಸು. ಎಷ್ಟು ಹಳದಿ ಐತ್ಯೋ ನೋಡೂಣು ಆ ಹುಣಸಿಹಣ್ಣಿಗೆ."

ಒಣಗಿದ ಎಲೆಯಲ್ಲೂ ಡಿಎನ್‌ಎ ಒಣಗಿರುವುದಿಲ್ಲ. ಮರುದಿನ ಓದಿಸಿದಾಗ ಪರದೆಯ ಮೇಲೆ ಬಂದದ್ದು ನೋಡಿ ನೀಲಗಂಗಾ ಫಿರ್ದೋಸಳ ಕಡೆ ತಿರುಗಿದಳು.

"ನಮ್ಮನಿ ಎಲಿನಽ ಮತ್ತ ಹಾಕಿಬಿಟ್ಟಿ ನೋಡು ನೀ."

"ಇಲ್ಲವಾ. ಒಣ ಎಲಿ ಇದು, ನಿಮ್ಮದು ಹಸಿ. ನನ್ನ ಕೈಯಾರೆ ಅರದೀನಿ."

ಅಕ್ಷರಕ್ಕೆ ಅಕ್ಷರ ಒಂದೇ. ಅಕ್ಕತಂಗಿಯರ ಹೋಲಿಕೆಯಲ್ಲ, ಅವಳಿಜವಳಿಯ ಹೋಲಿಕೆ. ಬೀಜದಿಂದ ಬಂದ ಗಿಡಗಳು ಹೀಗಿರುವುದಿಲ್ಲ. ಒಂದೇ ಗಿಡದ ಟೊಂಗೆ ಮುರಿದು ನೆಟ್ಟರಷ್ಟೇ ಹೀಗಿರುತ್ತವೆ. ಇಬ್ಬರೂ ಎರಡು ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟರು. ಅದೇ ಉದ್ದದ ಹಳದಿ, ಅದೇ ನೀಲಿ ಗಂಟುಗಳು, ಅದೇ ಜಾಗದಲ್ಲಿ. ಆಮೇಲೆ ಒಂದು ಕಡೆ, ಬೆಲ್ಲದ ಮನೆಯ ಪಟ್ಟಿಯಲ್ಲಿ ಮಾತ್ರ, ಚೂರಿಯ ಅಲಗಿನಷ್ಟು ತೆಳ್ಳಗಿನ ಒಂದು ಕೆಂಪು ಗೆರೆ. ಗಾಯ. ಅಲ್ಲಿಂದ ಮುಂದೆ ಎರಡೂ ಬೇರೆ ಬೇರೆ ದಾರಿ ಹಿಡಿದಿದ್ದವು.

"ಟೊಂಗಿ ಮುರದ ಜಾಗ ಇದು," ಎಂದಳು ನೀಲಗಂಗಾ. ಅವಳ ದನಿ ತಾನಾಗಿ ಇಳಿದಿತ್ತು. "ಹಳದಿ ಎಲ್ಲಾ ಇದಕ್ಕಿಂತ ಹಿಂದಿಂದು. ಗಿಡ ನಮ್ಮನಿಗೆ ಬರೂಕಿಂತ ಹಿಂದಿಂದು."

"ಅಂದ್ರ ಬಾಯಾರಿಕಿ ಅವರದು."

"ಬಾಯಾರಿಕಿ ಅವರದು, ಟೊಂಗಿ ನಮ್ಮದು. ಟೊಂಗಿ ತನ್ನ ನೆನಪು ಕಟಗೊಂಡಽ ಬಂದೈತಿ. ಮತ್ತ ನಮ್ಮಪ್ಪ ನರ್ಸರಿ ಅಂತ ಒತ್ಯಾನ."

ಫಿರ್ದೋಸ್ ಕುರ್ಚಿ ಸಮೇತ ತಿರುಗಿದಳು. "ನರ್ಸರಿ! ಇಡೀ ಊರಽ ನರ್ಸರಿ ಅಂತ ಒತ್ತೈತಲ್ಲೇ!"

ಕೇಂದ್ರದಲ್ಲಿ ಊರಿನ ದಾಸವಾಳಗಳ ಎಲೆಗಳ ರಾಶಿಯೇ ಇತ್ತು. ಮಧ್ಯಾಹ್ನದ ಊಟ ಮರೆತು ಇಬ್ಬರೂ ಒಂದೊಂದನ್ನೇ ಪಕ್ಕಕ್ಕಿಟ್ಟು ನೋಡಿದರು. ವಕೀಲರ ಮನೆಯದು ಡಾಕ್ಟರ ಮನೆಯದರ ಟೊಂಗೆ. ಡಾಕ್ಟರದು ಪೊಲೀಸ್ ಸಾಹೇಬರದರ ಟೊಂಗೆ. ಪೊಲೀಸ್ ಸಾಹೇಬರದು ಯಾರದೆಂದು ಓದಿ ಫಿರ್ದೋಸ್ ಪರದೆಗೆ ಸೆರಗು ಮುಚ್ಚಿದಳು. ಗಿಡಗಳ ಅನುಭವದ ನಕ್ಷೆ ಬಿಡಿಸಲು ಹೊರಟವರ ಕೈಯಲ್ಲಿ ಊರಿನ ಕಳವಿನ ನಕ್ಷೆ ತಯಾರಾಗಿತ್ತು.

ಇದರಲ್ಲಿ ಆಶ್ಚರ್ಯವೇನೂ ಇರಬಾರದಿತ್ತು. ಕೇಳಿ ತಂದ ಕಡ್ಡಿ ಬಾಡುತ್ತದೆ, ಕದ್ದು ತಂದ ಕಡ್ಡಿ ಚಿಗುರುತ್ತದೆ. ಇದನ್ನು ಅಜ್ಜಿಯಿಂದ ಕೇಳದೆ ಬೆಳೆದವರಿಲ್ಲ. ದುಡ್ಡು ಕೊಟ್ಟು ಗಿಡ ತರುವುದು ಕೈಗುಣ ಇಲ್ಲದವರ ಲಕ್ಷಣ. ನೀಲಗಂಗಾ ಮೀಥೈಲ್ ಓದಿದ್ದಳು, ತೂತು ಕೊರೆದಿದ್ದಳು, ಆದರೆ ಧಾರವಾಡದವರಿಗೆ 'ಗಿಡ ಎಲ್ಲಿಂದ ತಂದಿರಿ' ಎಂದು ಕೇಳಿದರೆ ನಿಜ ಹೇಳುತ್ತಾರೆಂದು ನಂಬಿದ್ದಳು. ತಾನೂ ಅದೇ ಊರಿನವಳಾಗಿ.

ಮನೆಯಲ್ಲಿ ಎರಡು ಪಟ್ಟಿಗಳನ್ನು ಅಪ್ಪನ ಮುಂದೆ ಹಿಡಿದಾಗ ಗುರುಪಾದಪ್ಪ ಬಾಗಿಲ ಹಿಂದಿನ ಕೋಲಿನ ಕಡೆ ಒಮ್ಮೆ ನೋಡಿದರು. ತುದಿಗೆ ಕೊಕ್ಕೆ ಇದ್ದ ವಾಕಿಂಗ್ ಕೋಲು.

"ಟೊಂಗಿ ಕಂಪೌಂಡಿನ ಹೊರಗ ಬಂದಿತ್ತು," ಎಂದರು ನೀತಿ ಪಾಠದ ದನಿಯಲ್ಲಿ. "ರಸ್ತೆದಾಗಿಂದು ಸಾರ್ವಜನಿಕರದು. ಮ್ಯಾಲ ದೇವರ ಹೂ. ಹೂವಿನ ಕಳವು ಕಳವಲ್ಲ."

ಕಸ್ತೂರೆವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಹೋಗವಾ, ಈಗಿಂದೀಗ ಹೋಗು! ಆಕೀ ಮುಂದ ಹಿಡದು ಹೇಳು, ನೀರು ಕಾಣದ ಮನಿ ಯಾರದಂತ. ಓಣಿ ಕೂಡ್ಸಿ ಹೇಳು."

*

ನೀಲಗಂಗಾ ಹೋದಳು. ಓಣಿ ಕೂಡಿಸಲಿಲ್ಲ. ನಕ್ಷೆಯೂ ನಿಜ, ಅಪ್ಪನೂ ನಿಜ ಎಂದು ತಿಳಿದ ಮೇಲೆ ಎದೆಯ ಮುಳ್ಳು ಹೋಗಿತ್ತು. ಆ ಜಾಗದಲ್ಲಿ ಕುತೂಹಲ ಕೂತಿತ್ತು. ಬಾಯಾರಿಕೆ ಅರ್ಥವಾಗುತ್ತದೆ. ಆದರೆ ಬಾಯಾರಿಕೆಯ ನಡುನಡುವೆ ಆ ನೀಲಿ ಗಂಟುಗಳು? ಗಿಡ ಸಾಯಲೆಂದು ಬಿಟ್ಟವರು ಸೋಪಿನ ನೀರನ್ನಾದರೂ ಯಾಕೆ ಹಾಕುತ್ತಾರೆ?

ದಾನಮ್ಮ ಹಿತ್ತಲಿನಲ್ಲಿ ಶಾವಿಗೆ ಒಣಹಾಕುತ್ತಿದ್ದರು. ಪಕ್ಕದಲ್ಲೇ ಆ ದಾಸವಾಳ, ಗೋಡೆ ಮೀರಿ ರಸ್ತೆಗೆ ಬಾಗಿತ್ತು.

"ಏನವಾ, ಡಬ್ಬಿ ಕೆಟ್ಟಿತ್ತು ಅಂತ ಹೇಳಾಕ ಬಂದ್ಯೇನು?"

"ಡಬ್ಬಿ ಕೆಟ್ಟಿಲ್ಲರಿ. ನಮ್ಮ ಗಿಡ ನಿಮ್ಮ ಗಿಡದ ಟೊಂಗಿ. ನಮ್ಮಪ್ಪ ಕದ್ದು ಒಯ್ದಿದ್ರು." ಪಟ್ಟಿಗಳನ್ನು ಶಾವಿಗೆಯ ಪಕ್ಕ ಹರವಿದಳು. "ಈ ಕೆಂಪು ಗೆರಿಗಿಂತ ಹಿಂದಿಂದೆಲ್ಲ ಈ ಹಿತ್ತಲದಾಗ ನಡದದ್ದು. ನಾ ಜಗಳಾಡಾಕ ಬಂದಿಲ್ಲ. ಈ ನೀಲಿ ಯಾಕ ಅಂತ ಕೇಳಾಕ ಬಂದೀನಿ."

ಜಗಳಕ್ಕೆ ಉಸಿರೆಳೆದುಕೊಂಡಿದ್ದ ದಾನಮ್ಮ ಉಸಿರನ್ನು ಹಾಗೇ ಬಿಟ್ಟರು. ಬೆರಳು ಹಳದಿಯ ಮೇಲೆ ನಿಧಾನ ಸರಿಯಿತು. ನೀಲಿ ಗಂಟು ಬಂದಲ್ಲೆಲ್ಲ ನಿಂತಿತು.

"ಇದು ನನ್ನ ಕೈ," ಎಂದರು ಕೊನೆಗೆ.

"ಅಂದ್ರ?"

"ಮದಿವ್ಯಾಗ ತವರಿಂದ ಈ ಗಿಡಾ ತಂದಿದ್ದೆ. ನಳಕ್ಕ ವಾರಕ್ಕೊಮ್ಮೆ ನೀರು ಬರೂ ಕಾಲ ಅದು. ನಮ್ಮತ್ತಿ ಅಂದ್ಲು, ಸೊಸಿ ತಂದ ಗಿಡಕ್ಕ ಈ ಮನಿ ನೀರು ಮುಟ್ಟಸಬಾರದು, ಒಣಗಿದ್ರ ಒಣಗಲಿ. ಬಟ್ಟಿ ತೊಳದ ನೀರು ಚೆಲ್ಲಾಕ ನಾನಽ ಬರ್ತಿದ್ದೆ. ಮೋರಿಗೆ ಚೆಲ್ಲಿದಂಗ ಮಾಡಿ ಬುಡಕ್ಕ ಹಾಕ್ತಿದ್ದೆ. ಸೋಪಿಂದು, ಖರೆ. ಆದ್ರ ನನಗಂತ ಇದ್ದ ನೀರು ಅದೊಂದಽ." ಶಾವಿಗೆಯ ಮೇಲೆ ಕೂತ ಕಾಗೆಯನ್ನು ಹುಶ್ ಎಂದರು. "ಅಷ್ಟೂ ವರ್ಷ ಈ ಮನ್ಯಾಗ ನನಗೂ ಅಷ್ಟಽ ಪಾಲಿತ್ತು. ನಾಕು ಮಂದಿ ಮುಂದ ನಿಮ್ಮಪ್ಪಗ ನಾನಽ ಅಂದ್ನೆಲ್ಲ, ದೇವರ ಗಿಡಕ್ಕ ಮುಸರಿ ನೀರು ಅಂತ."

ವಿಜ್ಞಾನಿಗಳಿಗೆ ಏನು ಹೇಳಬೇಕೋ ತಿಳಿಯದಿದ್ದಾಗ ಅವರು ದತ್ತಾಂಶ ಹೇಳುತ್ತಾರೆ.

"ನಮ್ಮನಿ ಎಲಿಯೊಳಗ ಆ ಹಳದಿ ಟೋಪಿ ಉದುರಾಕತ್ತಾವ್ರಿ. ಅರ್ಧದಷ್ಟು ಹೋಗ್ಯಾವ."

"ಮರೀತೈತೇನು ಅದು?"

"ಪೂರಾ ಮರಿಯೂದಿಲ್ಲ. ಹಗರಾಗತೈತಿ."

"ಏನು ಹಾಕ್ತಾರ ನಿಮ್ಮಪ್ಪ?"

"ನೀರು. ಜೊತಿಗೆ ದಿನಾ ಒಂದು ಭಾಷಣ."

ದಾನಮ್ಮ ಮೊದಲ ಬಾರಿ ನಕ್ಕರು. ಹೊರಡುವಾಗ ನೀಲಗಂಗಾ ತಡೆಯಲಾರದೆ ಕೇಳಿಬಿಟ್ಟಳು: "ನಮ್ಮಪ್ಪ ಟೊಂಗಿ ಮುರದ ಮ್ಯಾಲೆ ನಿಮ್ಮನಿ ಗಿಡಕ್ಕ ಭಾಳ ಶಿಸ್ತಿನಿಂದ ನೀರು ಬಿದ್ದೈತಿ, ರೈಲಿನ ಟೈಮ್ ಟೇಬಲ್ ಇದ್ದಂಗ. ಯಾರು ಹಾಕ್ತಾರ?"

"ಅದನ್ನ ಗಿಡಾನಽ ಕೇಳು," ಎಂದು ದಾನಮ್ಮ ಶಾವಿಗೆ ತಿರುವಿದರು.

*

ಮುಂದಿನ ಒಂದು ಮುಂಜಾನೆ, ಹೂ ಕಳ್ಳರು ಹೊರಡುವ ಪುಣ್ಯಕಾಲದಲ್ಲಿ, ಅಂಗಳದಲ್ಲಿ ಪಟ್ ಎಂಬ ಸದ್ದಾಯಿತು. ನೀಲಗಂಗಾ ಕಿಟಕಿ ತೆರೆದಳು.

ಕಂಪೌಂಡಿನ ಹೊರಗೆ ಮೃತ್ಯುಂಜಯ ಒಂದು ಮೊಣಕಾಲೂರಿ ಕೂತಿದ್ದ. ಆತನ ತೊಡೆಯ ಮೇಲೆ ಒಂದು ಕಾಲಿಟ್ಟು, ಗೋಡೆಯ ಮೇಲಿಂದ ಬಾಗಿ, ದಾನಮ್ಮ ದಾಸವಾಳದ ಒಂದು ಟೊಂಗೆಯನ್ನು ಓರೆಯಾಗಿ ಕತ್ತರಿಸಿಯಾಗಿತ್ತು. ರಸ್ತೆಯ ಎರಡೂ ಕಡೆ ನೋಡಿ ಸಿಗ್ನಲ್ ಕೊಡಬೇಕಾದ ಎಂಜಿನಿಯರ್ ಕಿಟಕಿಯನ್ನೇ ನೋಡುತ್ತಿದ್ದ.

"ಕೇಳಿದ್ರ ನಾವಽ ಕೊಡ್ತಿದ್ವೆಲ್ರಿ?" ಎಂದಳು ನೀಲಗಂಗಾ ಹೊರಗೆ ಬಂದು.

"ಕೇಳಿ ಒಯ್ದದ್ದು ಹತ್ತೂದಿಲ್ಲವಾ," ಎಂದರು ದಾನಮ್ಮ, ಗೋಡೆಯ ಮೇಲಿಂದಲೇ. "ನಂದು ಕಷ್ಟ ನೆನಸಾಕಽ ಹುಟ್ಟೈತಿ. ನಿಮ್ಮದು ಅರ್ಧ ಮರತೈತಿ ಅಂದಿ. ಮರತದ್ದು ನನಗೂ ಒಂದಿರಲಿ."

ಗದ್ದಲಕ್ಕೆ ಗುರುಪಾದಪ್ಪ ಕೊಕ್ಕೆ ಕೋಲು ಹಿಡಿದೇ ಓಡಿ ಬಂದರು. ಕಳ್ಳರನ್ನು ನೋಡಿದರು. ಕೈಯಲ್ಲಿದ್ದ ಕೋಲು ನೋಡಿಕೊಂಡರು. ಅದನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಜೀವಮಾನದ ನೀತಿ ಪಾಠಗಳಲ್ಲಿ ಈ ಸಂದರ್ಭಕ್ಕೆ ಒಂದೂ ಇರಲಿಲ್ಲ. ಕೊನೆಗೆ ಹೆಗಲ ಮೇಲಿನ ಟವೆಲನ್ನು ಕೊಡದಲ್ಲಿ ಅದ್ದಿ ಗೋಡೆಯಾಚೆ ಚಾಚಿದರು.

"ಹಸಿ ಅರಿವಿ ಸುತ್ತಿ ಒಯ್ಯಿರಿ, ಅಮ್ಮಾ. ಮನಿ ಮುಟ್ಟೂದರಾಗ ಬಾಡತೈತಿ. ಅನುಭವದ ಮಾತು."

ದಾನಮ್ಮ ಟವೆಲು ಇಸಿದುಕೊಂಡು ಕೆಳಗಿಳಿದರು. ಮಗ ಎದ್ದು ಪ್ಯಾಂಟಿನ ಮಣ್ಣು ಜಾಡಿಸಿಕೊಂಡ. ನೀಲಗಂಗಾ ಅವನ ಎದುರು ಹೋಗಿ ನಿಂತಳು.

"ಅವತ್ತಿನ ನಿಮ್ಮ ಪ್ರಶ್ನೆಗೆ ಉತ್ತರ ಹುಡುಕೀನ್ರಿ. ನೀರು ಹಾಕಿದವರು ಯಾರು ಅನ್ನೂದು ಗಿಡಕ್ಕ ಗೊತ್ತಾಗೂದಿಲ್ಲ. ಹೆಂಗ ಹಾಕಿದ್ರು ಅನ್ನೂದಷ್ಟಽ ಗೊತ್ತಾಗತೈತಿ. ಯಾರು ಅನ್ನೂದು ಮನುಷ್ಯಾರನ್ನ ಕೇಳಬೇಕು."

"ನಾನಽ," ಎಂದ ಮೃತ್ಯುಂಜಯ. ಆಮೇಲೆ, ಸಿಗ್ನಲ್ ಬಿದ್ದ ರೈಲಿನ ಹಾಗೆ, "ಅವ್ವಗ ಸೊಂಟ ನೋವು ಶುರುವಾದಾಗಿಂದ. ಮುಂದೂ ಹಾಕ್ತೀನಿ. ಈ ಟೊಂಗಿಗೂ. ನೀವು ಯಾವಾಗ ಬೇಕಾದ್ರೂ ಬಂದು ಎಲಿ ಓದಸ್ರಿ."

"ಓದಸ್ತೀನಿ," ಎಂದಳು ಅವಳು. "ವರ್ಷಾವರ್ಷ."

ಕಸ್ತೂರೆವ್ವ ಒಳಗೆ ಸಕ್ಕರೆ ಡಬ್ಬಿ ಹುಡುಕತೊಡಗಿದ್ದು ಅಂಗಳಕ್ಕೇ ಕೇಳಿಸಿತು.

ಟವೆಲು ಸುತ್ತುವ ಮುನ್ನ ನೀಲಗಂಗಾ ಆ ಟೊಂಗೆಯಿಂದ ಒಂದು ಎಲೆ ಹರಿದು ಸೀಸೆಗೆ ಹಾಕಿದಳು. ಹೊಸ ಕವಲಿನ ಮೊದಲ ಎಲೆ. ಇವತ್ತಿನ ಕೆಂಪು ಗೆರೆ ಎಲ್ಲಿ ಬೀಳುತ್ತದೆಂದು ನೋಡಬೇಕಿತ್ತು. ಸೀಸೆಯ ಚೀಟಿಯ ಮೇಲೆ ಅದೇ ಹಳೆಯ ಪ್ರಶ್ನೆ ಅಚ್ಚಾಗಿತ್ತು: ಗಿಡ ಎಲ್ಲಿಂದ ತಂದದ್ದು? ಅವಳು ಪೆನ್ನು ತೆಗೆದು, ಊರಿನ ಇತಿಹಾಸದಲ್ಲೇ ಮೊದಲ ಬಾರಿಗೆ, ನಿಜ ಬರೆದಳು:

"ಕದ್ದದ್ದು. ಮನೆಯವರೆಲ್ಲರ ಸಮಕ್ಷಮ."